ಹಡಗು ರಷ್ಯಾದ್ದು, ಎಂಜಿನ್ ಉಕ್ರೇನಿನದು

(ಕಾರವಾರದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ದೊಡ್ಡ ದೇಶಗಳ ನಡುವೆ ಸಂಬಂಧಗಳು ಹೇಗೆ ಬದಲಾಗುತ್ತಿವೆ, ಅದರಲ್ಲಿ ಭಾರತದ ಪಾಡೇನು ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಈ ವಿಷಯಕ್ಕೆ ಸಾಮಾನ್ಯವಾಗಿ ದೆಹಲಿಯಿಂದಲೋ ವಾಷಿಂಗ್ಟನ್ನಿನಿಂದಲೋ ಪೀಠಿಕೆ ಹಾಕುತ್ತಾರೆ. ನಾನು ನಿಮ್ಮ ಊರಿನ ನೌಕಾನೆಲೆಯಿಂದಲೇ ಆರಂಭಿಸುತ್ತೇನೆ.

2025ರ ಫೆಬ್ರುವರಿಯಲ್ಲಿ ಐಎನ್‌ಎಸ್ ತುಶಿಲ್ ಎಂಬ ಯುದ್ಧನೌಕೆ ಕಾರವಾರಕ್ಕೆ ಬಂದು ಸೇರಿತು. ಅದಕ್ಕೆ ಎರಡು ತಿಂಗಳ ಹಿಂದೆ, 2024ರ ಡಿಸೆಂಬರ್ 9ರಂದು, ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಅದು ನಮ್ಮ ನೌಕಾಪಡೆಗೆ ಸೇರ್ಪಡೆಯಾಗಿತ್ತು. ಪತ್ರಿಕೆಗಳಲ್ಲಿ ಇದು ಚಿಕ್ಕ ಸುದ್ದಿ. ಆದರೆ ಈ ಹಡಗಿನ ಜಾತಕ ಬಿಡಿಸಿ ನೋಡಿ. ಈ ಮಾದರಿಯ ಹಡಗುಗಳನ್ನು ರಷ್ಯಾ ತನ್ನ ಸ್ವಂತ ನೌಕಾಪಡೆಗೆಂದು ಕಟ್ಟಲು ಹೊರಟಿತ್ತು. ಅವುಗಳಿಗೆ ಬೇಕಾದ ಗ್ಯಾಸ್ ಟರ್ಬೈನ್ ತಯಾರಾಗುತ್ತಿದ್ದುದು ಉಕ್ರೇನಿನ ಮೈಕೊಲೈವ್ ನಗರದ ಕಾರ್ಖಾನೆಯಲ್ಲಿ. ಸೋವಿಯತ್ ಒಕ್ಕೂಟ ಒಂದೇ ದೇಶವಾಗಿದ್ದಾಗ ಇದರಲ್ಲಿ ತೊಡಕೇನೂ ಇರಲಿಲ್ಲ. ಒಡಲು ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಎರಡೂ ಒಂದೇ ಮನೆಯವು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿತು. ಉಕ್ರೇನ್ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ಅರೆಬರೆ ಕಟ್ಟಿದ ಒಡಲುಗಳು ಎಂಜಿನ್ ಇಲ್ಲದೆ ಹಡಗುಕಟ್ಟೆಯಲ್ಲಿ ಉಳಿದವು.

ಆಗ ಭಾರತ ಮುಂದೆ ಬಂತು. ಎರಡು ಒಡಲುಗಳನ್ನು ರಷ್ಯಾ ನಮಗಾಗಿ ಪೂರ್ತಿ ಮಾಡಿಕೊಡುವುದು, ಉಕ್ರೇನಿನಿಂದ ಟರ್ಬೈನ್‌ಗಳನ್ನು ನಾವೇ ಕೊಂಡು ರಷ್ಯಾದ ಹಡಗುಕಟ್ಟೆಗೆ ಒಪ್ಪಿಸುವುದು ಎಂದು ಏರ್ಪಾಡಾಯಿತು. ಇನ್ನೆರಡು ಹಡಗುಗಳನ್ನು ಇಲ್ಲೇ ಪಕ್ಕದ ಗೋವಾದಲ್ಲಿ ಕಟ್ಟುವ ನಿರ್ಧಾರವಾಯಿತು. ತುಶಿಲ್ ಇನ್ನೂ ಸಿದ್ಧವಾಗುತ್ತಿದ್ದಾಗಲೇ, 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಟರ್ಬೈನ್ ತಯಾರಿಸಿದ ಮೈಕೊಲೈವ್ ನಗರವೇ ಬಾಂಬ್ ದಾಳಿಗೆ ಸಿಕ್ಕಿತು. ಒಂದನ್ನೊಂದು ಕೊಲ್ಲಲು ನಿಂತ ಎರಡು ದೇಶಗಳ ಕೈಕೆಲಸ ಒಂದೇ ಹಡಗಿನೊಳಗೆ ಸೇರಿಕೊಂಡು ಅರಬ್ಬೀ ಸಮುದ್ರಕ್ಕೆ ಬಂದಿದೆ.

ಇದನ್ನು ನಮ್ಮ ಜಾಣ್ಮೆ ಎಂದು ಹೊಗಳುವವರಿದ್ದಾರೆ. ಜಾಣ್ಮೆ ಇದೆ, ಒಪ್ಪುತ್ತೇನೆ. ಇಬ್ಬರ ಜೊತೆಗೂ ಮಾತು ಉಳಿಸಿಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು. ಆದರೆ ಇದೇ ಹಡಗು ನಮ್ಮ ದೌರ್ಬಲ್ಯವನ್ನೂ ತೋರಿಸುತ್ತದೆ. ನಾಲ್ಕು ಸಾವಿರ ಟನ್ನಿನ ಒಳಗಿನ ಯುದ್ಧನೌಕೆಯೊಂದಕ್ಕೆ ಬೇಕಾದ ಟರ್ಬೈನ್ ನಮ್ಮಲ್ಲಿ ತಯಾರಾಗುತ್ತಿದ್ದರೆ ಈ ಕಸರತ್ತು ಏಕೆ ಬೇಕಿತ್ತು? ಇವತ್ತು ನಾನು ಹೇಳಬೇಕೆಂದಿರುವುದು ಈ ಪ್ರಶ್ನೆಯ ಸುತ್ತಲೇ ಇದೆ. ದೊಡ್ಡ ದೇಶಗಳ ಸ್ನೇಹ, ವೈರ ನಮ್ಮ ಕೈಯಲ್ಲಿಲ್ಲ. ಅವು ತಿರುಗಿದಾಗ ನಮ್ಮ ಯಾವ ಕೆಲಸ ನಿಂತುಹೋಗುತ್ತದೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ವಿದೇಶಾಂಗ ನೀತಿಯನ್ನು ನಾಯಕರ ಅಪ್ಪುಗೆಯ ಚಿತ್ರಗಳಿಂದ ಅಳೆಯುವುದನ್ನು ಬಿಟ್ಟು ಈ ಲೆಕ್ಕದಿಂದ ಅಳೆಯಬೇಕು.

ಹಳೆಯ ಸ್ನೇಹದ ಬೆಲೆಯನ್ನೂ ಕಾರವಾರ ಕಂಡಿದೆ. ನಿಮ್ಮ ನೆಲೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯ ಹುಟ್ಟಿದ್ದೂ ಮೈಕೊಲೈವ್‌ನಲ್ಲೇ. 1987ರಲ್ಲಿ ಸೋವಿಯತ್ ನೌಕಾಪಡೆಗೆ ಸೇರಿದಾಗ ಅದರ ಹೆಸರು ಬಾಕು. ಆ ಊರು ಇಂದು ಅಜೆರ್‌ಬೈಜಾನ್ ಎಂಬ ಬೇರೆ ದೇಶದ ರಾಜಧಾನಿ. 2004ರ ಒಪ್ಪಂದದಲ್ಲಿ ಹಡಗು ಉಚಿತ, ದುರಸ್ತಿ ಮತ್ತು ಮಾರ್ಪಾಡಿಗೆ ಮಾತ್ರ ಹಣ ಎಂದಿತ್ತು. ಮೊತ್ತ 97 ಕೋಟಿ ಡಾಲರ್. ಕೆಲಸ ಮುಗಿಯುವಷ್ಟರಲ್ಲಿ ಅದು ಸುಮಾರು 235 ಕೋಟಿ ಡಾಲರ್ ಮುಟ್ಟಿತು. 2008ಕ್ಕೆ ಬರಬೇಕಾದ ಹಡಗು 2013ರ ನವೆಂಬರ್‌ನಲ್ಲಿ ಕೈಸೇರಿತು. ಅರ್ಧ ಕೆಲಸವಾದ ಮೇಲೆ ಬೇಡವೆನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ, ಅದು ರಷ್ಯಾಕ್ಕೂ ಗೊತ್ತಿತ್ತು.

ಈಗ 1971ಕ್ಕೆ ಹೋಗೋಣ. ದೊಡ್ಡ ದೇಶಗಳು ಹೇಗೆ ಮಗ್ಗುಲು ಬದಲಿಸುತ್ತವೆ ಎಂಬುದಕ್ಕೆ ನಮ್ಮ ಇತಿಹಾಸದಲ್ಲಿ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಪೂರ್ವ ಪಾಕಿಸ್ತಾನದಲ್ಲಿ ನರಮೇಧ ನಡೆಯುತ್ತಿತ್ತು, ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದರು. ಆ ಜುಲೈ ಮೊದಲ ವಾರದಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ದೆಹಲಿಗೆ ಬಂದರು. ಇಂದಿರಾ ಗಾಂಧಿಯವರನ್ನು ಕಂಡರು. ಅಲ್ಲಿಂದ ಪಾಕಿಸ್ತಾನಕ್ಕೆ ಹೋದರು. ಹೊಟ್ಟೆ ಕೆಟ್ಟಿದೆ, ನಥಿಯಾಗಲಿಯ ಗಿರಿಧಾಮದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾರೆ ಎಂದು ಸುದ್ದಿಗಾರರಿಗೆ ಹೇಳಲಾಯಿತು. ನಿಜದಲ್ಲಿ ಅವರು ಪಾಕಿಸ್ತಾನದ ವಿಮಾನವೇರಿ ಬೀಜಿಂಗ್ ಸೇರಿದ್ದರು. ಜುಲೈ 9ರಿಂದ 11ರವರೆಗೆ ಚೀನಾದ ಪ್ರಧಾನಿ ಝೌ ಎನ್‌ಲೈ ಜೊತೆ ಮಾತುಕತೆ ನಡೆಯಿತು. ಎರಡು ದಶಕ ಒಬ್ಬರ ಮುಖ ಒಬ್ಬರು ನೋಡದ, ಕೊರಿಯಾದಲ್ಲಿ ಯುದ್ಧವನ್ನೇ ಮಾಡಿದ್ದ ಎರಡು ದೇಶಗಳು ಹೀಗೆ ಹತ್ತಿರವಾದವು. ಕಾರಣ ಸರಳ. 1969ರ ಮಾರ್ಚ್‌ನಲ್ಲಿ ಉಸ್ಸುರಿ ನದಿಯ ದ್ವೀಪವೊಂದರಲ್ಲಿ ಚೀನಾ ಮತ್ತು ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. ಇಬ್ಬರು ಕಮ್ಯುನಿಸ್ಟ್ ಸೋದರರ ಜಗಳದಲ್ಲಿ ಅಮೆರಿಕ ತನ್ನ ಲಾಭ ಕಂಡಿತು. ಬೀಜಿಂಗ್‌ಗೆ ದಾರಿ ತೆರೆದುಕೊಟ್ಟ ಪಾಕಿಸ್ತಾನದ ಸೇನಾ ಸರ್ವಾಧಿಕಾರಿ ಯಾಹ್ಯಾ ಖಾನ್ ಅವರ ಕೈ ಬಿಡಲು ಅದು ಸಿದ್ಧವಿರಲಿಲ್ಲ. ಢಾಕಾದ ಬೀದಿಗಳಲ್ಲಿ ಬಿದ್ದ ಹೆಣಗಳು ಈ ಲೆಕ್ಕಾಚಾರದಲ್ಲಿ ಗಣನೆಗೇ ಬರಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬರಬೇಕು ಕೂಡ.

ಜುಲೈ 15ರಂದು ನಿಕ್ಸನ್ ತಾವು ಚೀನಾಕ್ಕೆ ಹೋಗುವುದಾಗಿ ಟಿವಿಯಲ್ಲಿ ಘೋಷಿಸಿದರು. ಬೆನ್ನಲ್ಲೇ ವಾಷಿಂಗ್ಟನ್ನಿನ ನಮ್ಮ ರಾಯಭಾರಿ ಎಲ್.ಕೆ. ಝಾ ಅವರಿಗೆ ಕಿಸಿಂಜರ್ ಕಡೆಯಿಂದ ಸೂಚನೆ ಬಂತು: ಪಾಕಿಸ್ತಾನದ ಪರವಾಗಿ ಚೀನಾ ಕೈಹಾಕಿದರೆ 1962ರಂತೆ ಅಮೆರಿಕ ನಿಮ್ಮ ನೆರವಿಗೆ ಬರುತ್ತದೆ ಎಂದುಕೊಳ್ಳಬೇಡಿ.

ದೆಹಲಿ ಕೈಕಟ್ಟಿ ಕೂರಲಿಲ್ಲ. 1969ರಿಂದ ಮಾತುಕತೆಯಲ್ಲೇ ಉಳಿದಿದ್ದ ಸೋವಿಯತ್ ಒಪ್ಪಂದದ ಕರಡನ್ನು ಹೊರತೆಗೆಯಲಾಯಿತು. ಇಂದಿರಾ ಅವರ ಆಪ್ತ ಸಲಹೆಗಾರರಾದ ಪಿ.ಎನ್. ಹಕ್ಸರ್ ಮತ್ತು ಡಿ.ಪಿ. ಧರ್ ಮಾತುಕತೆಯನ್ನು ಚುರುಕುಗೊಳಿಸಿದರು. ಆಗಸ್ಟ್ 9ರಂದು ದೆಹಲಿಯಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರಾದ ಸ್ವರಣ್ ಸಿಂಗ್ ಮತ್ತು ಆಂದ್ರೇ ಗ್ರೊಮಿಕೊ ಸಹಿ ಹಾಕಿದರು. ನಿಕ್ಸನ್ ಘೋಷಣೆಯಾಗಿ ಇಪ್ಪತ್ತೈದು ದಿನಗಳಾಗಿದ್ದವು, ಅಷ್ಟೇ. ಒಪ್ಪಂದದ ಒಂಬತ್ತನೆಯ ವಿಧಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಯಾರ ಮೇಲಾದರೂ ದಾಳಿಯಾದರೆ, ದಾಳಿಯ ಬೆದರಿಕೆ ಬಂದರೆ, ಇಬ್ಬರೂ ಕೂಡಲೇ ಸಮಾಲೋಚನೆ ನಡೆಸಬೇಕು. ನಾನು ನಿಮಗೆ ನಾಲ್ಕನೆಯ ವಿಧಿಯನ್ನು ತೋರಿಸಬೇಕು. ಭಾರತದ ಅಲಿಪ್ತ ನೀತಿಯನ್ನು ಸೋವಿಯತ್ ಒಕ್ಕೂಟ ಗೌರವಿಸುತ್ತದೆ ಎಂದು ಅಲ್ಲಿ ಬರೆಸಿಕೊಳ್ಳಲಾಗಿದೆ. ಕುತ್ತಿಗೆಗೆ ಬಂದ ಹೊತ್ತಿನಲ್ಲೂ ಅಷ್ಟನ್ನು ಬರೆಸಿಕೊಂಡ ಆ ಅಧಿಕಾರಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಡಿಸೆಂಬರ್‌ನಲ್ಲಿ ಯುದ್ಧ ನಡೆಯಿತು, ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೊ ನಮ್ಮನ್ನು ಕಾಯಿತು, ಅಮೆರಿಕದ ಎಂಟರ್‌ಪ್ರೈಸ್ ನೌಕೆ ಬಂಗಾಳ ಕೊಲ್ಲಿಯತ್ತ ಬಂದರೂ ಡಿಸೆಂಬರ್ 16ರಂದು ಢಾಕಾ ಶರಣಾಯಿತು. ಮುಂದೆ ಏಷ್ಯಾಕ್ಕೆಲ್ಲ ಒಂದು ಸಾಮೂಹಿಕ ಭದ್ರತಾ ವ್ಯವಸ್ಥೆ ಬೇಕೆಂದು ಸೋವಿಯತ್ ನಾಯಕ ಬ್ರೆಜ್ನೆವ್ ಹೇಳುತ್ತಿದ್ದರು, ಭಾರತ ಅದಕ್ಕೆ ಕೊರಳೊಡ್ಡಲಿಲ್ಲ.

ಆದರೆ ನೆರವು ಪಡೆದ ಮೇಲೆ ಹಂಗು ಬಂದೇ ಬರುತ್ತದೆ. 1979ರ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. 1980ರ ಜನವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ ಓದಿದ ಹೇಳಿಕೆ ಮಾಸ್ಕೋದ ವಾದವನ್ನೇ ಒಪ್ಪಿಕೊಂಡಂತಿತ್ತು. ಖಾಸಗಿಯಾಗಿ ನಾವು ಅಸಮಾಧಾನ ಹೇಳಿದೆವು ಎಂಬ ಸಮರ್ಥನೆ ನನಗೆ ಸಾಲದು. ಕಾಬೂಲಿನ ಜನ ನಮ್ಮನ್ನು ಗೆಳೆಯರೆಂದು ಎಣಿಸಿದ್ದರು.

ಹತ್ತು ವರ್ಷ ಕಳೆದು ಆ ಒಕ್ಕೂಟವೇ ಇಲ್ಲವಾಯಿತು. ಆಗ ನಮಗೆ ಬಿದ್ದ ಒಂದು ಪೆಟ್ಟಿಗೆ ಬೆಂಗಳೂರು ಸಾಕ್ಷಿ. 1991ರ ಜನವರಿಯಲ್ಲಿ ಇಸ್ರೋ ಸಂಸ್ಥೆ ಸೋವಿಯತ್ತಿನ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಸ್ ಜೊತೆ ರಾಕೆಟ್ಟಿನ ಕ್ರಯೋಜೆನಿಕ್ (ಅತಿಶೀತ ಇಂಧನದ) ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕೆ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ಉಡುಪಿ ಸೀಮೆಯ ಯು.ಆರ್. ರಾವ್ ಆಗ ಇಸ್ರೋ ಅಧ್ಯಕ್ಷರು. ದ್ರವ ಜಲಜನಕ, ದ್ರವ ಆಮ್ಲಜನಕ ಬಳಸುವ ಈ ಎಂಜಿನ್ನನ್ನು ಕ್ಷಿಪಣಿಗೆ ಬಳಸುವುದು ತೀರ ಅನನುಕೂಲ. ಇಂಧನ ತುಂಬಿ ಬಹುಕಾಲ ಸಿದ್ಧವಾಗಿ ಇಡಲು ಬರುವುದಿಲ್ಲ. ಆದರೂ ಕ್ಷಿಪಣಿ ತಂತ್ರಜ್ಞಾನದ ನೆಪ ಹೇಳಿ 1992ರ ಮೇ ತಿಂಗಳಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. ಯೆಲ್ಟ್ಸಿನ್ ಅವರ ರಷ್ಯಾಕ್ಕೆ ಆಗ ಅಮೆರಿಕದ ಹಣ ಬೇಕಿತ್ತು. 1993ರಲ್ಲಿ ತಂತ್ರಜ್ಞಾನ ಕೊಡುವ ಮಾತಿನಿಂದ ಅದು ಹಿಂದೆ ಸರಿಯಿತು. ಸಿದ್ಧಪಡಿಸಿದ ಏಳು ಎಂಜಿನ್ ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ ಎಂದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾವೇ ಮಾಡಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. 2010ರ ಏಪ್ರಿಲ್‌ನಲ್ಲಿ ಸ್ವದೇಶಿ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಯಶಸ್ಸು ಬಂತು. 2025ರ ಜುಲೈ 30ರಂದು ಅದೇ ಬಗೆಯ ರಾಕೆಟ್, ಅದೇ ಸ್ವದೇಶಿ ಕ್ರಯೋಜೆನಿಕ್ ಹಂತದೊಂದಿಗೆ, ನಿಸಾರ್ ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ನಿಸಾರ್ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ಮಾಡಿದ ಉಪಗ್ರಹ. ಯಾವ ಎಂಜಿನ್ ನಮಗೆ ಸಿಗಬಾರದೆಂದು ಅಮೆರಿಕ ಅಡ್ಡಗಾಲು ಹಾಕಿತ್ತೋ ಆ ಎಂಜಿನ್ ಮೇಲೆ ನಂಬಿಕೆಯಿಟ್ಟು ತನ್ನ ಅಮೂಲ್ಯ ಉಪಕರಣವನ್ನು ಕಳುಹಿಸಿತು. ವಿದ್ಯಾರ್ಥಿಗಳಿಗೆ ವಿದೇಶಾಂಗ ನೀತಿ ಕಲಿಸಲು ಒಂದೇ ಉದಾಹರಣೆ ಆರಿಸಿಕೊಳ್ಳಿ ಎಂದರೆ ನಾನು ಇದನ್ನು ಆರಿಸಿಕೊಳ್ಳುತ್ತೇನೆ.

ವಿಮಾನದ ಕಥೆ ಅಷ್ಟು ಸುಖವಾಗಿ ಮುಗಿದಿಲ್ಲ. 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ, ನಮ್ಮ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳುಹಿಸಲಾಯಿತು. ಅವರು ಬೆಂಗಳೂರಿನಲ್ಲೇ ಕೂತು ಆ ಕೆಲಸ ಮುಗಿಸಿದರು, 2001ರ ಜನವರಿ 4ರಂದು ತೇಜಸ್ ಹಾರಿತು. ಆದರೆ ಅದರ ಎಂಜಿನ್ ಇಂದಿಗೂ ಅಮೆರಿಕದ್ದೇ. ನಮ್ಮ ಕಾವೇರಿ ಎಂಜಿನ್ ಯೋಜನೆ ಅಗತ್ಯವಿದ್ದಷ್ಟು ಶಕ್ತಿ ಕೊಡಲಿಲ್ಲ. 2021ರಲ್ಲಿ ವಾಯುಪಡೆ 83 ಹೊಸ ತೇಜಸ್‌ಗೆ ಬೇಡಿಕೆ ಕೊಟ್ಟಿತು, ಅವಕ್ಕೆಂದು 99 ಎಂಜಿನ್‌ಗಳಿಗೆ ಕರಾರಾಯಿತು. ಮೊದಲ ಎಂಜಿನ್ ತೇಜಸ್ ತಯಾರಿಸುವ ಎಚ್‌ಎಎಲ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಮಿಗ್-21ಗಳು ನಿವೃತ್ತವಾದವು. ಇರಬೇಕಾದ 42 ಸ್ಕ್ವಾಡ್ರನ್‌ಗಳ, ಅಂದರೆ ಯುದ್ಧವಿಮಾನ ತುಕಡಿಗಳ, ಜಾಗದಲ್ಲಿ 29 ಉಳಿದವು. ಇಲ್ಲಿ ಯಾರೂ ನಿರ್ಬಂಧ ಹೇರಿರಲಿಲ್ಲ. ಪೂರೈಕೆ ತಡವಾಯಿತು, ಅಷ್ಟಕ್ಕೇ ಈ ಗತಿ.

ಚೀನಾದ ವಿಷಯಕ್ಕೆ ಬರುತ್ತೇನೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ನಾವು ಚೀನಾದ ಆ್ಯಪ್‌ಗಳನ್ನು ನಿಷೇಧಿಸಿದೆವು, ಬಂಡವಾಳಕ್ಕೆ ತಡೆ ಹಾಕಿದೆವು, ಬಹಿಷ್ಕಾರದ ಕೂಗು ಹಾಕಿದೆವು. ಆಮದು ಮಾತ್ರ ಏರುತ್ತಲೇ ಹೋಯಿತು. 2024-25ರಲ್ಲಿ ಚೀನಾದೊಂದಿಗಿನ ನಮ್ಮ ವ್ಯಾಪಾರ ಕೊರತೆ ಸುಮಾರು 9,900 ಕೋಟಿ ಡಾಲರ್ ಮುಟ್ಟಿತು. 2025ರ ಏಪ್ರಿಲ್‌ನಲ್ಲಿ, ಟ್ರಂಪ್ ಅವರ ಸುಂಕಕ್ಕೆ ಉತ್ತರವಾಗಿ, ಚೀನಾ ಏಳು ಬಗೆಯ ವಿರಳ ಲೋಹಗಳಿಗೂ ಅವುಗಳಿಂದ ಮಾಡಿದ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಏಟು ಕೊಡಲು ನೋಡಿದ್ದು ಅಮೆರಿಕಕ್ಕೆ, ಆದರೆ ನಮ್ಮ ವಾಹನ ಕಾರ್ಖಾನೆಗಳೂ ಕಂಗಾಲಾದವು. ವಿದ್ಯುತ್ ಸ್ಕೂಟರಿನ ಮೋಟರಿನಲ್ಲಿ ಕೂರುವ ಆ ಅಯಸ್ಕಾಂತ ಅಂಗೈಗಿಂತ ಚಿಕ್ಕದು. ಅದು ಬರದಿದ್ದರೆ ಇಡೀ ಸ್ಕೂಟರ್ ಕಾರ್ಖಾನೆಯಲ್ಲೇ ನಿಲ್ಲುತ್ತದೆ. ವಿರಳ ಲೋಹಗಳುಳ್ಳ ಮೊನಜೈಟ್ ನಮ್ಮ ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ಬೇಕಾದಷ್ಟಿದೆ. ಬೇರ್ಪಡಿಸಿ ಅಯಸ್ಕಾಂತ ಮಾಡುವ ಉದ್ಯಮವನ್ನು ದಶಕಗಳ ಕಾಲ ನಾವು ಬೆಳೆಸಲಿಲ್ಲ. 7,280 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2025ರ ನವೆಂಬರ್‌ನಲ್ಲಿ, ಪೆಟ್ಟು ಬಿದ್ದ ಮೇಲೆ.

ಎಣ್ಣೆಯ ವಿಷಯವನ್ನು ನಿಮ್ಮ ಕರಾವಳಿಯವರಿಗೆ ಹೆಚ್ಚು ಹೇಳಬೇಕಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಒಂದು ಕಾಲದಲ್ಲಿ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿ. ಅಲ್ಲಿಂದ ಹಡಗು ಬೇಗ ಬರುತ್ತಿತ್ತು, ಸಾಲದ ಗಡುವೂ ಉದಾರವಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ, ಇರಾನ್ ಮೇಲಿನ ತನ್ನ ನಿರ್ಬಂಧದಿಂದ ನಮಗೆ ಕೊಟ್ಟಿದ್ದ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು, ನಾವು ಇರಾನಿನಿಂದ ಕೊಳ್ಳುವುದನ್ನು ನಿಲ್ಲಿಸಿದೆವು. ಮೂರು ವರ್ಷದ ನಂತರ ರಷ್ಯಾದ ಎಣ್ಣೆ ಅಗ್ಗವಾಯಿತು. ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ಶೇ 2ರಷ್ಟೂ ಇರದಿದ್ದ ರಷ್ಯಾದ ಪಾಲು ಶೇ 35 ದಾಟಿತು. ಬೆಲೆ ಏರದಂತೆ ನೋಡಿಕೊಳ್ಳಲು ಇದು ನೆರವಾಗುತ್ತಿದೆ ಎಂದು ಬೈಡನ್ ಆಡಳಿತ ಕಣ್ಣುಮುಚ್ಚಿ ಕೂತಿತ್ತು. ಟ್ರಂಪ್ ಆಡಳಿತ ಅದನ್ನೇ ಅಪರಾಧವೆಂದು ಎಣಿಸಿ, 2025ರ ಆಗಸ್ಟ್ 27ರಿಂದ ಹೆಚ್ಚುವರಿ ಶೇ 25 ಸೇರಿಸಿ ನಮ್ಮ ಸರಕಿಗೆ ಒಟ್ಟು ಶೇ 50 ಸುಂಕ ಹಾಕಿತು. ನಮಗಿಂತ ಹೆಚ್ಚು ರಷ್ಯಾ ಎಣ್ಣೆ ಕೊಳ್ಳುವ ಚೀನಾಕ್ಕೆ ಆ ದಂಡ ಬೀಳಲಿಲ್ಲ. ಏಕೆ ಬೀಳಲಿಲ್ಲ ಎಂಬುದಕ್ಕೆ ಉತ್ತರ, ನಾನು ಈಗಷ್ಟೇ ಹೇಳಿದ ಅಯಸ್ಕಾಂತದಲ್ಲಿದೆ. ತಿರುಗಿ ಹೊಡೆಯಲು ಚೀನಾದ ಕೈಯಲ್ಲಿ ಏನೋ ಇತ್ತು.

ಆ ವಾರವೇ ಪ್ರಧಾನಿ ಮೋದಿ ಶಾಂಘೈ ಸಹಕಾರ ಶೃಂಗಸಭೆಗಾಗಿ ಚೀನಾದ ತಿಯಾಂಜಿನ್‌ಗೆ ಹೋದರು. ಷಿ ಜಿನ್‌ಪಿಂಗ್ ಮತ್ತು ಪುಟಿನ್ ಜೊತೆಗಿನ ಚಿತ್ರ ಜಗತ್ತೆಲ್ಲ ಹರಿದಾಡಿತು. ಭಾರತ ಪಕ್ಷ ಬದಲಿಸಿತು ಎಂದು ಬರೆದವರು ಅವಸರ ಮಾಡಿದರು. ಬಾಗಿಲು ಮುಚ್ಚಿಕೊಂಡಾಗ ಪಕ್ಕದ ಬಾಗಿಲು ತಟ್ಟುವುದು ಸಹಜ. ಒಳಗೆ ಹೋಗಿ ನೆಲೆಸಲು ಗಾಲ್ವಾನ್ ಬಿಡುವುದಿಲ್ಲ.

ಎಣ್ಣೆ ಬರುವುದು ನಿಂತರೆ ಎಂಬ ಮುನ್ನೆಚ್ಚರಿಕೆಗೆ ದೇಶ ದಾಸ್ತಾನು ಮಾಡಿಕೊಂಡಿದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಕಾಯ್ದು, ಎಣ್ಣೆ ಹೊರಗೆ ಜಿನುಗದಂತೆ ನೋಡಿಕೊಳ್ಳುತ್ತಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಮೂರೂ ಪೂರ್ತಿ ತುಂಬಿದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ, ನಿಜ. ಆದರೂ ಶ್ರೀಮಂತ ದೇಶಗಳ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರು 90 ದಿನದ ಆಮದಿನಷ್ಟು ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಪಾದೂರಿನ ಎರಡನೆಯ ಹಂತಕ್ಕೆ 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ಜಮೀನು ಕೊಡಬೇಕಾದ ಜನರ ಆತಂಕವನ್ನು ಗೌರವದಿಂದ ಕೇಳಿ, ನ್ಯಾಯವಾದ ಪರಿಹಾರ ಕೊಟ್ಟು ಅದನ್ನು ಮುಗಿಸುವುದೂ ವಿದೇಶಾಂಗ ನೀತಿಯ ಕೆಲಸವೇ.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಬಿಟ್ಟು ಅಮೆರಿಕದ ಜೊತೆ ಸೈನಿಕ ಮೈತ್ರಿ ಮಾಡಿಕೊಳ್ಳಬಾರದೇಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಮೈತ್ರಿ ಮಾಡಿಕೊಂಡವರ ಪಾಡು ನೋಡಿ. ಅಮೆರಿಕ ಬೆಂಬಲದ ಸೀಟೊ, ಸೆಂಟೊ ಎಂಬ ಸೈನಿಕ ಕೂಟಗಳೆರಡರಲ್ಲೂ ಇದ್ದ ಪಾಕಿಸ್ತಾನಕ್ಕೆ 1965ರ ಯುದ್ಧದಲ್ಲಿ ಅಮೆರಿಕ ಶಸ್ತ್ರಾಸ್ತ್ರ ನಿಲ್ಲಿಸಿತು. 2025ರಲ್ಲಿ ಜಪಾನ್, ದಕ್ಷಿಣ ಕೊರಿಯಾದಂಥ ಒಪ್ಪಂದದ ಮಿತ್ರರಿಗೂ ಸುಂಕ ಬಿತ್ತು. ಅಮೆರಿಕ ನಮಗೆ ಬೇಕು. ನಮ್ಮ ಸಾಫ್ಟ್‌ವೇರ್ ಉದ್ಯಮ, ನಮ್ಮ ವಿದ್ಯಾರ್ಥಿಗಳು, ನಮ್ಮ ರಕ್ಷಣಾ ಖರೀದಿ ಎಲ್ಲವೂ ಅದರೊಂದಿಗೆ ಹೆಣೆದುಕೊಂಡಿವೆ. ಮೈತ್ರಿಯ ಸಹಿ ಮಾತ್ರ ರಕ್ಷಣೆಯ ಖಾತರಿ ಕೊಡುವುದಿಲ್ಲ.

ರಷ್ಯಾ ಮಾಡಿದ್ದು ತಪ್ಪಲ್ಲವೇ, ಅದರ ಎಣ್ಣೆ ಕೊಂಡರೆ ನಮಗೆ ಪಾಪ ಬರುವುದಿಲ್ಲವೇ ಎಂದು ನಿವೃತ್ತ ಶಿಕ್ಷಕರೊಬ್ಬರು ಕೇಳಿದರು. ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಖಾರ್ಕಿವ್‌ನಲ್ಲಿ ಓದುತ್ತಿದ್ದ ನಮ್ಮ ನಾಡಿನ ವಿದ್ಯಾರ್ಥಿಯೊಬ್ಬ ಆ ಯುದ್ಧದಲ್ಲಿ ಜೀವ ಕಳೆದುಕೊಂಡ. ಬಡವರ ಅಡುಗೆಮನೆಗೆ ಬೆಲೆಯೇರಿಕೆ ತಟ್ಟದಂತೆ ಎಣ್ಣೆ ಕೊಳ್ಳುವುದನ್ನು ನಾನು ಸಮರ್ಥಿಸುತ್ತೇನೆ. ಆದರೆ ಕೊಳ್ಳುತ್ತಿದ್ದೇವೆ ಎಂಬ ಕಾರಣಕ್ಕೆ ದಾಳಿಯನ್ನು ದಾಳಿ ಎಂದು ಕರೆಯಲು ಹಿಂಜರಿದದ್ದು ನನಗೆ ಒಪ್ಪಿಗೆಯಿಲ್ಲ. ‘ಇದು ಯುದ್ಧದ ಯುಗವಲ್ಲ’ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸಮರ್‌ಕಂದ್‌ನಲ್ಲಿ ಪುಟಿನ್ ಎದುರೇ ಪ್ರಧಾನಿ ಹೇಳಿದರು. ಹೇಳಿದ್ದರಿಂದ ಎಣ್ಣೆ ನಿಲ್ಲಲಿಲ್ಲ, ಹಡಗೂ ನಿಲ್ಲಲಿಲ್ಲ. ಅಂದರೆ ಇನ್ನೂ ಸ್ಪಷ್ಟವಾಗಿ ಹೇಳಲು ಅವಕಾಶವಿತ್ತು.

ಕೊನೆಯ ಪ್ರಶ್ನೆ ಚೀನಾವನ್ನು ನಂಬಬಹುದೇ ಎಂಬುದು. 2024ರ ಅಕ್ಟೋಬರ್ ಒಪ್ಪಂದದಿಂದ ಲಡಾಖ್ ಗಡಿಯ ದೆಪ್ಸಾಂಗ್, ದೆಮ್‌ಚೊಕ್‌ಗಳಲ್ಲಿ ಗಸ್ತು ಮತ್ತೆ ಶುರುವಾಯಿತು, ಕೈಲಾಸ ಯಾತ್ರೆಯೂ ನೇರ ವಿಮಾನವೂ ಮರಳಿ ಬಂದವು. ಇವು ಒಳ್ಳೆಯ ಬೆಳವಣಿಗೆಗಳು. ಆದರೆ 2020ರಲ್ಲಿ ಲಡಾಖ್ ಗಡಿಗೆ ಎರಡೂ ಕಡೆಯವರು ತಂದು ನಿಲ್ಲಿಸಿದ ಹತ್ತಾರು ಸಾವಿರ ಸೈನಿಕರು ಹಿಂದಿನ ನೆಲೆಗೆ ಮರಳುವ ಮಾತು ಆ ಒಪ್ಪಂದದಲ್ಲಿ ಇತ್ಯರ್ಥವಾಗಲಿಲ್ಲ. ಆದ್ದರಿಂದ ನೀವು ಎರಡು ಸುದ್ದಿಗಳನ್ನು ಹುಡುಕುತ್ತಿರಿ ಎಂದು ಕೇಳಿದವರಿಗೆ ಹೇಳಿದೆ. ಸೇನೆ ನಿಜವಾಗಿ ಎಷ್ಟು ಹಿಂದೆ ಸರಿಯಿತು ಎಂಬುದು ಒಂದು. ನಮ್ಮ ಮೊದಲ ಅಯಸ್ಕಾಂತ ಕಾರ್ಖಾನೆ ಯಾವ ತಿಂಗಳು ಸರಕು ಹೊರಗೆ ಕಳುಹಿಸಿತು ಎಂಬುದು ಇನ್ನೊಂದು.